ಬೀದಿಯ ನಕ್ಷೆ ಬೀದಿಯವರೇ ಬರೆಯೋದು: ಸಮುದಾಯ ಯೋಜನಾ ಕಾರ್ಯಾಗಾರ ಅಂದ್ರೆ ಏನು?

ಪಾರ್ಕಿನ ಗೇಟಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ‘ನಿಮ್ಮ ಬಡಾವಣೆಯ ರಸ್ತೆ ಅಭಿವೃದ್ಧಿ ಕುರಿತು ಸಮುದಾಯ ವಿನ್ಯಾಸ ಕಾರ್ಯಾಗಾರ. ಭಾನುವಾರ ಬೆಳಿಗ್ಗೆ 10ಕ್ಕೆ. ಎಲ್ಲರೂ ಬನ್ನಿ.’ ಓದಿದವರಿಗೆ ಮೊದಲು ಬರೋದೇ ಅನುಮಾನ. ಇದು ಮೀಟಿಂಗಾ, ತರಬೇತಿನಾ, ಇಲ್ಲ ಸುಮ್ನೆ ಫೋಟೊ ಹೊಡೆಸಿಕೊಳ್ಳೋ ಕಾರ್ಯಕ್ರಮನಾ?

ಇದನ್ನು ತಿಳಿದುಕೊಳ್ಳೋಕೆ ಈಗ ಒಳ್ಳೆಯ ಹೊತ್ತು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಿಂದ ಬೆಂಗಳೂರಿಗೆ ಒಂದು ಪಾಲಿಕೆ ಹೋಗಿ ಐದು ಬಂದಿವೆ. ವಾರ್ಡ್ ಸಮಿತಿಯ ಮಾತು ಮತ್ತೆ ಎದ್ದಿದೆ. ಹಳ್ಳಿಗಳಲ್ಲಿ 2018ರಿಂದ ಅಕ್ಟೋಬರ್ 2ರ ಹೊತ್ತಿಗೆ ಮುಂದಿನ ವರ್ಷದ ಪಂಚಾಯಿತಿ ಯೋಜನೆ ಮಾಡುವ ಅಭಿಯಾನ ಶುರುವಾಗುತ್ತದೆ. ಎರಡೂ ಕಡೆ ‘ಜನರ ಸಹಭಾಗಿತ್ವ’ ಅನ್ನೋ ಮಾತು ಇದ್ದೇ ಇರುತ್ತದೆ. ಜನ ಬಂದು ಕೂತ ಮೇಲೆ ಏನು ಮಾಡಬೇಕು ಅನ್ನೋದು ಮಾತ್ರ ಚೀಟಿಯಲ್ಲಿ ಇರೋದಿಲ್ಲ.

ಸಭೆಗೂ ಇದಕ್ಕೂ ಏನು ವ್ಯತ್ಯಾಸ?

ಸಭೆ ನಮಗೆಲ್ಲ ಗೊತ್ತು. ಮುಂದೆ ಒಂದು ಟೇಬಲ್ಲು, ಅದಕ್ಕೊಂದು ಬಟ್ಟೆ, ಹಿಂದೆ ಐದಾರು ಕುರ್ಚಿ. ಮೈಕ್ ಒಂದೇ. ಸಿಕ್ಕವರು ಬಿಡೋದಿಲ್ಲ. ‘ನಮ್ಮ ರಸ್ತೆಗೆ ಲೈಟಿಲ್ಲ’ ಅಂತ ಒಬ್ಬರು, ‘ಚರಂಡಿ ನಾರುತ್ತಿದೆ’ ಅಂತ ಇನ್ನೊಬ್ಬರು. ಅಧಿಕಾರಿ ಬರೆದುಕೊಳ್ಳುತ್ತಾರೆ, ಇಲ್ಲ ಬರೆದುಕೊಂಡ ಹಾಗೆ ಮಾಡುತ್ತಾರೆ. ಮುಗಿಯಿತು.

ಕಾರ್ಯಾಗಾರದಲ್ಲಿ ವೇದಿಕೆ ಇರೋದಿಲ್ಲ. ಆರರಿಂದ ಎಂಟು ಜನ ಒಂದು ನಕ್ಷೆಯ ಸುತ್ತ ಕೂರುತ್ತಾರೆ. ಅಂಥ ಗುಂಪು ನಾಲ್ಕೈದು ಇರಬಹುದು. ಎಲ್ಲರ ಕೈಗೂ ಪೆನ್ಸಿಲ್ಲೋ ರಟ್ಟಿನ ಚೂರೋ ಸಿಗುತ್ತದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂರೋದಕ್ಕೂ ಅಡುಗೆ ಕಟ್ಟೆ ಹತ್ತಿರ ನಿಂತು ತರಕಾರಿ ಹೆಚ್ಚೋದಕ್ಕೂ ಇರುವ ವ್ಯತ್ಯಾಸ ಅಂದುಕೊಳ್ಳಿ. ಎಲೆ ಮುಂದೆ ಕೂತವರು ‘ಸಾರಿಗೆ ಉಪ್ಪು ಕಮ್ಮಿ’ ಅನ್ನಬಹುದು. ಹೆಚ್ಚುತ್ತಾ ನಿಂತವರಿಗೆ ಎಷ್ಟು ಬೇಳೆ ಇದೆ, ಎಷ್ಟು ಜನ ಬರುತ್ತಾರೆ ಅನ್ನೋದೂ ಗೊತ್ತಿರುತ್ತದೆ.

ಒಂದು ಮಾತು ಇಲ್ಲೇ ಸ್ಪಷ್ಟವಾಗಿರಲಿ. ಗ್ರಾಮಸಭೆಗೆ, ವಾರ್ಡ್ ಸಭೆಗೆ ಕಾನೂನಿನ ಬಲ ಇದೆ. ಸಂವಿಧಾನದ 73 ಮತ್ತು 74ನೇ ತಿದ್ದುಪಡಿ ಹಳ್ಳಿ, ನಗರಗಳ ಸ್ಥಳೀಯ ಆಡಳಿತಕ್ಕೆ ಅಡಿಪಾಯ ಹಾಕಿದವು. 3 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂದಿದ್ದೂ 74ನೇ ತಿದ್ದುಪಡಿಯೇ. ಕಾರ್ಯಾಗಾರಕ್ಕೆ ಆ ಬಲ ಇಲ್ಲ. ಅಲ್ಲಿ ಆಗೋದು ತಯಾರಿ. ಅಲ್ಲಿ ಹುಟ್ಟಿದ ನಕ್ಷೆ ಸಭೆಗೆ ಹೋಗಿ, ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡು, ಕ್ರಿಯಾಯೋಜನೆಗೆ ಸೇರಿದರೆ ಮಾತ್ರ ಕೆಲಸವಾಗುತ್ತದೆ.

ಒಂದು ಕೈಗಾಡಿ, ಒಂದು ಕೋಲು

ಇಂಥ ಕಾರ್ಯಾಗಾರಕ್ಕೆ ವಾಸ್ತುಶಿಲ್ಪಿಗಳ ಭಾಷೆಯಲ್ಲಿ ‘ಷಾರೆಟ್’ ಅನ್ನೋ ಹೆಸರಿದೆ. ಫ್ರೆಂಚಿನಲ್ಲಿ ಹಾಗಂದರೆ ಕೈಗಾಡಿ. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಲಾಶಾಲೆ ಎಕೋಲ್ ದೆ ಬೋಜಾರ್‌ನಲ್ಲಿ ಗಡುವು ಮುಗಿದಾಗ ವಿದ್ಯಾರ್ಥಿಗಳ ನಕ್ಷೆಗಳನ್ನು ಒಯ್ಯಲು ಗಾಡಿ ಬರುತ್ತಿತ್ತಂತೆ. ಗಂಟೆ ಹೊಡೆದ ಮೇಲೂ ಉತ್ತರ ಪತ್ರಿಕೆ ಬಿಡದೆ ಬರೆಯೋ ಹುಡುಗರಿಲ್ವಾ, ಹಾಗೇ ಅವರು ಗಾಡಿಯ ಜೊತೆಗೇ ಗೀಚುತ್ತಾ ಹೋಗುತ್ತಿದ್ದರು ಅನ್ನೋ ಕಥೆ ಇದೆ. ಕಮ್ಮಿ ಹೊತ್ತಿನಲ್ಲಿ ಒಟ್ಟಿಗೆ ಕೂತು ವಿನ್ಯಾಸ ಮುಗಿಸೋದಕ್ಕೆ ಆ ಹೆಸರು ಅಂಟಿಕೊಂಡಿತು.

1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಟೋನಿ ಗಿಬ್ಸನ್ ಅನ್ನುವವರು ಇನ್ನೊಂದು ದಾರಿ ಹುಡುಕಿದರು. ಬಡಾವಣೆಯ ಜನರೇ ರಟ್ಟಿನಲ್ಲಿ ತಮ್ಮ ಬೀದಿಗಳ ಮಾದರಿ ಮಾಡುತ್ತಾರೆ. ಯಾವುದು ಎಲ್ಲಿ ಬೇಕೋ ಅಲ್ಲಿ ಅದರ ಚೀಟಿ ಇಡುತ್ತಾರೆ. ಪರಿಣತರು ಪಕ್ಕದಲ್ಲೇ ಇರುತ್ತಾರೆ, ಆದರೆ ಕೇಳಿದರೆ ಮಾತ್ರ ಬಾಯಿ ಬಿಡಬೇಕು. ನನಗೆ ತುಂಬಾ ಇಷ್ಟವಾದ ನಿಯಮ ಅದು.

ನಮ್ಮ ಕಡೆ ಇದು ಹಳ್ಳಿಯ ಮೂಲಕ ಬೆಳೆಯಿತು. 1980ರ ದಶಕದ ಕೊನೆಯಿಂದ ಬೆಂಗಳೂರಿನ ಮೈರಾಡ ಸಂಸ್ಥೆಯವರು ಜಲಾನಯನ ಕೆಲಸದಲ್ಲಿ ರೈತರಿಂದಲೇ ನೆಲದ ಮೇಲೆ ನಕ್ಷೆ ಬರೆಸಲು ಶುರು ಮಾಡಿದರು. ಈ ಕ್ರಮಕ್ಕೆ ‘ಪಿಆರ್‌ಎ’ ಅಂತ ಹೆಸರಾಯಿತು, ಅಂದರೆ ಹಳ್ಳಿಯವರೇ ಸೇರಿ ತಮ್ಮ ಊರಿನ ಸ್ಥಿತಿಗತಿ ಅಳೆದು ನೋಡೋದು. ಪಂಚಾಯಿತಿ ಕಚೇರಿಗಳಲ್ಲಿ ಈಗಲೂ ಅದೇ ಮಾತು. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಅಧ್ಯಯನ ಸಂಸ್ಥೆಯಲ್ಲಿದ್ದ ರಾಬರ್ಟ್ ಚೇಂಬರ್ಸ್ ಇದನ್ನು ಜಗತ್ತಿಗೆಲ್ಲ ಸಾರಿದರು. ಅವರ ಮುಖ್ಯ ಸೂಚನೆ ಬಹಳ ಸರಳ: ಗೆರೆ ಎಳೆಯುವ ಕೋಲನ್ನು ಹಳ್ಳಿಯವರ ಕೈಗೆ ಕೊಡಿ.

ಕೋಲು ಕೊಟ್ಟಾಗ ಏನಾಗುತ್ತದೆ ಅಂತ ನೋಡಿದವರಿಗೇ ಗೊತ್ತು. ಅರಳಿಕಟ್ಟೆ ಮುಂದೆ ಜಾಗ ಗುಡಿಸಿ ಕೋಲು ಮುಂದೆ ಹಿಡಿದರೆ ಮೊದಲ ಐದು ನಿಮಿಷ ಎಲ್ಲರೂ ನಗುತ್ತಾರೆ. ‘ನಾವೇನು ಶಾಲೆ ಮಕ್ಕಳಾ?’ ಆಮೇಲೆ ಯಾರೋ ಗುಡಿ ಗುರುತಿಗೆ ಒಂದು ಕಲ್ಲಿಡುತ್ತಾರೆ. ಕೆರೆಗೆ ನೀಲಿ ರಂಗೋಲಿ ಪುಡಿ, ದಾರಿಗೆ ಸುಣ್ಣ, ಮನೆಗಳಿಗೆ ಹುಣಸೆ ಬೀಜ, ಮರಗಳಿಗೆ ಹೊಂಗೆ ಎಲೆ. ರಂಗೋಲಿ ಗೊತ್ತಿರುವ ಹೆಂಗಸರ ಕೈಯಲ್ಲಿ ಪುಡಿ ಬಂದರೆ ನಕ್ಷೆಯ ಅಂದವೇ ಬೇರೆ. ಕಾಲು ಗಂಟೆಯಲ್ಲಿ ‘ಏ, ಕೋಡಿ ಆ ಕಡೆ ಅಲ್ಲ ಕಣೋ’ ಅಂತ ಜಗಳ ಶುರು. ಜಗಳ ಬಂತು ಅಂದರೆ ನಕ್ಷೆ ಅವರದಾಯಿತು ಅಂತ ಅರ್ಥ.

ಕೇರಳದವರು ಇದನ್ನು ಇಡೀ ರಾಜ್ಯದ ಮಟ್ಟಕ್ಕೆ ಒಯ್ದರು. 1996ರ ಆಗಸ್ಟ್‌ನಲ್ಲಿ ಶುರುವಾದ ಅಲ್ಲಿನ ಜನಯೋಜನೆಯಲ್ಲಿ ರಾಜ್ಯದ ಯೋಜನಾ ಹಣದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟರು. ಗ್ರಾಮಸಭೆಗಳನ್ನು ಒಂದೇ ದೊಡ್ಡ ಗುಂಪಾಗಿ ಬಿಡದೆ ಕೃಷಿ, ನೀರು, ಶಿಕ್ಷಣ ಅಂತ ವಿಷಯದ ಮೇಲೆ ಚಿಕ್ಕ ಚಿಕ್ಕ ಗುಂಪು ಮಾಡಿ ಕೂರಿಸಿದರು. ಮೈಕಿಗೆ ಹೆದರೋರೂ ಬಾಯಿ ಬಿಡೋದು ಅಂಥ ಗುಂಪಿನಲ್ಲೇ.

12 ಮೀಟರ್ ಬೀದಿ, 24 ಸೆಂಟಿಮೀಟರ್ ಕಾಗದ

ಈಗ ಒಂದು ಉದಾಹರಣೆ ಬಿಡಿಸಿ ನೋಡೋಣ. ಪೇಟೆ ಬೀದಿ. ಈ ಕಡೆ ಗೋಡೆಯಿಂದ ಆ ಕಡೆ ಗೋಡೆಗೆ 12 ಮೀಟರ್.

ನಕ್ಷೆಗೆ ಅಳತೆ ಬೇಕು. 1:50 ಅಂದರೆ ನೆಲದ 50 ಸೆಂಟಿಮೀಟರ್ ಕಾಗದದ ಮೇಲೆ 1 ಸೆಂಟಿಮೀಟರ್. 12 ಮೀಟರ್ ಅಗಲದ ಬೀದಿ 24 ಸೆಂಟಿಮೀಟರ್ ಆಗುತ್ತದೆ. ಕಟ್ಟಡದ ಪ್ಲಾನ್ ಪ್ರಿಂಟ್ ತೆಗೆಯೋ ಅಂಗಡಿಯಲ್ಲಿ ಸಿಗುವ ಎ0 ಹಾಳೆ ಸುಮಾರು 119 ಸೆಂಟಿಮೀಟರ್ ಉದ್ದ. ಅಂದರೆ ಬೀದಿಯ ಹತ್ತಿರ ಹತ್ತಿರ 60 ಮೀಟರ್ ಒಂದೇ ಹಾಳೆಯಲ್ಲಿ ಹಿಡಿಸುತ್ತದೆ. ಎರಡು ಹಾಳೆ ಜೋಡಿಸಿದರೆ ಬೇಕರಿಯಿಂದ ಬಸ್ ಸ್ಟಾಪಿನವರೆಗೆ ಬಂತು.

ಇನ್ನು ರಟ್ಟಿನ ಚೂರುಗಳು. ಫುಟ್‌ಪಾತಿನಲ್ಲಿ ನಡೆಯೋಕೆ ಕನಿಷ್ಠ 1.8 ಮೀಟರ್ ಖಾಲಿ ಜಾಗ ಇರಬೇಕು ಅನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ. ನಮ್ಮ ಹಾಳೆಯಲ್ಲಿ ಅದು 3.6 ಸೆಂಟಿಮೀಟರ್ ಪಟ್ಟಿ. ಎರಡು ಕಡೆಗೆ 7.2. ಗಾಡಿ ಹೋಗಲು, ಬರಲು ತಲಾ 3 ಮೀಟರ್ ಅಂದರೆ 12 ಸೆಂಟಿಮೀಟರ್. ಒಟ್ಟು 19.2. ಉಳಿದದ್ದು 4.8 ಸೆಂಟಿಮೀಟರ್.

ಅಷ್ಟೇ. ಎರಡು ಮೂರು ಬೆರಳಿನ ಅಗಲ.

ಅದರಲ್ಲಿ ಕಾರ್ ನಿಲ್ಲಿಸಬೇಕು ಅಂತ ಒಬ್ಬರು 4 ಸೆಂಟಿಮೀಟರ್ ಅಗಲದ ಚೂರು ಇಡುತ್ತಾರೆ. ತಳ್ಳುಗಾಡಿಯವರ ಚೂರಿಗೆ ಜಾಗವೇ ಇಲ್ಲ. ಗಿಡದ ಪಾತಿ ಎಲ್ಲಿ? ಆಟೊ ಸ್ಟ್ಯಾಂಡ್ ಎಲ್ಲಿ? ಸಭೆಯಲ್ಲಿ ಆಗಿದ್ದರೆ ‘ಪಾರ್ಕಿಂಗೂ ಬೇಕು, ಮರವೂ ಬೇಕು, ಫುಟ್‌ಪಾತೂ ಬೇಕು’ ಅಂತ ಮೂರನ್ನೂ ಬರೆದುಕೊಂಡು ಚಪ್ಪಾಳೆ ತಟ್ಟಿ ಏಳುತ್ತಿದ್ದರು. ಇಲ್ಲಿ ರಟ್ಟು ಒಂದರ ಮೇಲೊಂದು ಏರುತ್ತದೆ. ಯಾರೂ ಬಾಯಿಬಿಟ್ಟು ‘ಆಗಲ್ಲ’ ಅನ್ನಬೇಕಿಲ್ಲ. ಅದು ಕಣ್ಣಿಗೇ ಕಾಣುತ್ತದೆ. ‘ಇಡೀ ಉದ್ದಕ್ಕೆ ಕಾರು ಯಾಕೆ, ಮೆಡಿಕಲ್ ಸ್ಟೋರ್ ಮುಂದೆ ಮಾತ್ರ ಇರಲಿ’ ಅನ್ನುವ ಮಾತು ಆಗ ಬರುತ್ತದೆ. ಹಾಗೆ ಬಂದ ಮಾತನ್ನೇ ವಿನ್ಯಾಸ ಅನ್ನೋದು.

ನಮ್ಮ ಕಡೆ ಇಂಥದೊಂದು ನಡೆದಾಗ ನಾನೂ ಒಂದು ಮೇಜಿನಲ್ಲಿದ್ದೆ. ಎಂಜಿನಿಯರರು ತಳ್ಳುಗಾಡಿಗಳ ಚೂರನ್ನು ಬೀದಿಯ ಮೂಡಣ ಬದಿಯಲ್ಲಿ ಸಾಲಾಗಿ ಜೋಡಿಸಿದ್ದರು. ಅಲ್ಲಿ ಜಾಗ ಸ್ವಲ್ಪ ಜಾಸ್ತಿ ಇತ್ತು, ಹಾಳೆಯ ಮೇಲೆ ಚೆನ್ನಾಗೂ ಕಾಣುತ್ತಿತ್ತು. ಹೂವಿನವರು ಅದುವರೆಗೆ ಒಂದು ಮಾತೂ ಆಡಿರಲಿಲ್ಲ. ಉಗುರಿನ ತುದಿಯಲ್ಲಿ ತಮ್ಮ ಚೂರನ್ನು ಮೆಲ್ಲಗೆ ಎದುರು ಬದಿಗೆ ತಳ್ಳಿದರು.

‘ಸಾರ್, ಇಲ್ಲಿ ಮಧ್ಯಾಹ್ನ ಹೂವು ಬಾಡಿಹೋಗುತ್ತೆ. ಮೂರು ಗಂಟೆಗೆ ನೆರಳು ಆ ಅಂಗಡಿಗಳ ಕಡೆ ಇರುತ್ತೆ.’

ಸೂರ್ಯ ಪಡುವಣಕ್ಕೆ ವಾಲಿದರೆ ಪಡುವಣ ಬದಿಯ ಕಟ್ಟಡದ ನೆರಳು ಬೀದಿಗೆ ಬೀಳುತ್ತದೆ. ಎಲ್ಲರಿಗೂ ಗೊತ್ತಿರೋದೇ. ಆದರೆ ಆ ನಕ್ಷೆಯಲ್ಲಿ ಮರ ಇತ್ತು, ಕಂಬ ಇತ್ತು, ನೆರಳು ಇರಲಿಲ್ಲ. ಎಂಜಿನಿಯರರು ಒಂದು ಕ್ಷಣ ಸುಮ್ಮನಿದ್ದು, ‘ಹೌದಮ್ಮ, ಸರಿ’ ಅಂತ ಉಳಿದ ಚೂರುಗಳನ್ನೂ ಆ ಕಡೆಗೆ ಸರಿಸಿದರು.

ಕರೆಯೋದು ಯಾರನ್ನ, ಯಾವಾಗ?

ಕಾರ್ಯಾಗಾರದ ಅರ್ಧಕ್ಕಿಂತ ಜಾಸ್ತಿ ಕೆಲಸ ಆ ದಿನಕ್ಕೆ ಮುಂಚೆಯೇ ಇರುತ್ತದೆ. ಬುಧವಾರ ಬೆಳಿಗ್ಗೆ 11ಕ್ಕೆ ಇಟ್ಟರೆ ಬರೋರು ನಿವೃತ್ತರು ಮಾತ್ರ. ಅವರ ಮಾತೂ ಬೇಕು, ಆದರೆ ಅವರದೊಂದೇ ಅಲ್ಲ. ಮನೆಕೆಲಸದವರಿಗೆ ಮಧ್ಯಾಹ್ನ ಎರಡರಿಂದ ನಾಲ್ಕು ಬಿಡುವು. ಹಳ್ಳಿಯಲ್ಲಿ ಬಿತ್ತನೆ, ಕೊಯ್ಲಿನ ಹೊತ್ತಿಗೆ ಇಟ್ಟರೆ ಯಾರೂ ಬರೋದಿಲ್ಲ.

ಚೀಟಿ, ವಾಟ್ಸಾಪ್ ಎರಡನ್ನೇ ನಂಬಿದರೆ ಬೀದಿಯಲ್ಲಿ ಮನೆ ಇಲ್ಲದೆ ಬೀದಿಯನ್ನೇ ಬಳಸುವವರು ಬಿಟ್ಟುಹೋಗುತ್ತಾರೆ. ಪೌರಕಾರ್ಮಿಕರು, ಆಟೊದವರು, ಬೀದಿ ವ್ಯಾಪಾರಿಗಳು, ಶಾಲೆಗೆ ನಡೆದುಹೋಗುವ ಮಕ್ಕಳು. ಇವರನ್ನು ಹೋಗಿ ಕರೆಯಬೇಕು, ಬೇರೆ ದಾರಿಯಿಲ್ಲ. ವ್ಯಾಪಾರಿಗಳ ವಿಷಯದಲ್ಲಿ ಕಾನೂನೇ ಮುಂದಿದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಶೇ 40ಕ್ಕೆ ಕಮ್ಮಿಯಿಲ್ಲದಷ್ಟು ಜನ ವ್ಯಾಪಾರಿಗಳೇ ಇರಬೇಕು. ಆ ವ್ಯಾಪಾರಿಗಳಲ್ಲಿ ಮೂರನೇ ಒಂದು ಭಾಗ ಹೆಂಗಸರು.

ಬಂದ ಮೇಲೂ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ ಅಂತಿಲ್ಲ. ಹಳ್ಳಿಯಲ್ಲಿ ಗಂಡಸರೂ ಹೆಂಗಸರೂ ಬೇರೆ ಬೇರೆ ನಕ್ಷೆ ಬರೆಯಲಿ ಅನ್ನೋದು ಅದಕ್ಕೇ. ಗಂಡಸರ ನಕ್ಷೆಯಲ್ಲಿ ಡಾಂಬರು ರಸ್ತೆ ದಪ್ಪಗೆ ಬಂದರೆ ಹೆಂಗಸರದರಲ್ಲಿ ಬೋರ್‌ವೆಲ್ಲಿನಿಂದ ಮನೆಗೆ ಬರುವ ದಾರಿ, ರಾತ್ರಿ ಲೈಟಿಲ್ಲದ ಮೂಲೆ ಬರುತ್ತದೆ. ನಕ್ಷೆಯ ಅಂಚನ್ನೂ ನೋಡಬೇಕು. ಊರ ದೊಡ್ಡವರೇ ಕೋಲು ಹಿಡಿದರೆ ನಕ್ಷೆ ಎಷ್ಟೋ ಸಲ ದಲಿತರ ಕೇರಿಗಿಂತ ಮೊದಲೇ ನಿಂತುಹೋಗುತ್ತದೆ. ‘ಜಾಗ ಸಾಲಲಿಲ್ಲ’ ಅನ್ನುತ್ತಾರೆ. ನಡೆಸಿಕೊಡುವವರಿಗೆ ಇದು ಕಂಡರೆ ಬೈಯಬೇಕಿಲ್ಲ. ನಕ್ಷೆಯನ್ನು ಎತ್ತಿಕೊಂಡು ಕೇರಿಗೆ ಹೋಗಿ, ಅಲ್ಲಿಂದಲೇ ಇನ್ನೊಂದು ಶುರು ಮಾಡಿದರೆ ಸಾಕು.

ಇನ್ನೊಂದು ತಯಾರಿ ಜಾಗದ ದಾಖಲೆ. ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರು ಕಾಣುತ್ತದೆ. ಖಾಲಿ ಜಾಗ ಅಂತ ಆಟದ ಮೈದಾನ ಬರೆದು ಮುಗಿಸಿದ ಮೇಲೆ ಅದು ರಾಜಕಾಲುವೆ ಅಂತ ಗೊತ್ತಾದರೆ ಎಲ್ಲರ ಮುಖವೂ ಸಪ್ಪಗಾಗುತ್ತದೆ.

ಆ ದಿನ

ನಮ್ಮ ಕಡೆಯ ದೊಡ್ಡ ಅಪಾಯ ಕಾರ್ಯಕ್ರಮವೇ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ, ಶಾಲು, ಹಾರ. ಒಂದು ಗಂಟೆ ಹೋಯಿತು. ಜನ ಕೇಳುವ ಭಂಗಿಗೆ ಬಂದುಬಿಟ್ಟರು. ಆಮೇಲೆ ‘ಈಗ ನೀವು ಬರೀರಿ’ ಅಂದರೆ ಯಾರು ಬರೀತಾರೆ? ಇದನ್ನೆಲ್ಲ ಹತ್ತು ನಿಮಿಷಕ್ಕೆ ಮುಗಿಸಿ, ಜನಪ್ರತಿನಿಧಿಗಳನ್ನು ಕೊನೆಗೆ, ಗುಂಪುಗಳು ತಮ್ಮ ನಕ್ಷೆ ತೋರಿಸುವ ಹೊತ್ತಿಗೆ ಕರೆದರೆ ಅವರಿಗೂ ನೋಡೋಕೆ ಏನಾದರೂ ಇರುತ್ತದೆ.

ಮೊದಲು ಎಲ್ಲರೂ ಜಾಗದಲ್ಲಿ ಒಂದು ಸುತ್ತು ನಡೆಯಬೇಕು. ಒಬ್ಬರು ಮಗುವಿನ ತಳ್ಳುಗಾಡಿ ತಂದರೆ, ಗಾಲಿಕುರ್ಚಿಯಲ್ಲಿ ಓಡಾಡುವವರು ಜೊತೆಗಿದ್ದರೆ ಒಳ್ಳೆಯದು. ಅರ್ಧ ಅಡಿ ಮೆಟ್ಟಿಲು ನಮಗೆ ಕಾಣೋದೇ ಇಲ್ಲ, ಗಾಲಿಗೆ ಅದು ಗೋಡೆ. ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು. ಅರ್ಧ ಅಡಿ ಎತ್ತರಕ್ಕೆ 6 ಅಡಿ ಉದ್ದ ಬೇಕು. ‘ಒಂದು ರ‍್ಯಾಂಪ್ ಹಾಕಿಬಿಡಿ’ ಅಂತ ಸುಲಭವಾಗಿ ಹೇಳುವವರು ಆ 6 ಅಡಿಯನ್ನು ನಕ್ಷೆಯಲ್ಲಿ ಹುಡುಕಬೇಕು.

ಆಮೇಲೆ ಮೇಜು. ಪ್ರತಿ ಮೇಜಿಗೂ ಒಬ್ಬ ಅನುವುಗಾರರು. ಅವರ ಕೆಲಸ ಉತ್ತರ ಹೇಳೋದಲ್ಲ, ಹೊತ್ತು ನೋಡಿಕೊಳ್ಳೋದು ಮತ್ತು ಸುಮ್ಮನಿರುವವರ ಕಡೆಗೆ ಪೆನ್ಸಿಲ್ ಸರಿಸೋದು. ಜೋರು ಗಂಟಲಿನವರು ಒಬ್ಬರಾದರೂ ಇದ್ದೇ ಇರುತ್ತಾರೆ. ನಮ್ಮ ಬಡಾವಣೆಯ ಮೊದಲ ಪ್ರಯತ್ನದಲ್ಲಿ ಒಬ್ಬರು ಮುಕ್ಕಾಲು ಗಂಟೆ 20 ವರ್ಷದ ಚರಿತ್ರೆ ಹೇಳಿದರು. ಹಾಳೆ ಖಾಲಿಯೇ ಉಳಿಯಿತು. ಎರಡನೇ ಸಲ ಅವರಿಗೇ ಟೇಪು ಕೊಟ್ಟು ಬೀದಿ ಅಳೆಯಲು ಕಳಿಸಿದೆವು. ಖುಷಿಯಿಂದ ಹೋದರು, ಅಳತೆಯೂ ಸರಿಯಾಗಿ ತಂದರು. ಇಲ್ಲಿಗೆ ಸೇರದ ಮಾತು ಬಂದರೆ ಅದಕ್ಕೊಂದು ಬೇರೆ ಹಾಳೆ ಗೋಡೆಗೆ ಅಂಟಿಸಿಡುತ್ತಾರೆ. ‘ಆಮೇಲೆ ನೋಡೋಣ’ ಅಂತ ಅದರ ತಲೆಬರಹ. ಬರೆದುಕೊಂಡರೆ ಅರ್ಧ ಸಿಟ್ಟು ಇಳಿಯುತ್ತದೆ.

ಕೊನೆಗೆ ಆಯ್ಕೆ. ಎಲ್ಲ ಗುಂಪಿನ ನಕ್ಷೆಗಳನ್ನೂ ಗೋಡೆಗೆ ಹಾಕಿ, ತಲಾ ಮೂರು ಚುಕ್ಕಿ ಕೊಡುತ್ತಾರೆ. ಅಂಗಡಿಯಲ್ಲಿ ಸಿಗುವ ಬಿಂದಿ ಪ್ಯಾಕೆಟ್ಟೇ ಸಾಕು. ಯಾವುದು ಮೊದಲು ಆಗಬೇಕೋ ಅದರ ಮೇಲೆ ಅಂಟಿಸಬೇಕು. ಹಳ್ಳಿಯಲ್ಲಾದರೆ ಹುಣಸೆ ಬೀಜ. ಓದು ಬರಹ ಬೇಕಿಲ್ಲ. ಒಂದು ಎಚ್ಚರ: ದೊಡ್ಡವರು ಮೊದಲು ಅಂಟಿಸಿದರೆ ಉಳಿದವರ ಬಿಂದಿಯೂ ಅಲ್ಲಿಗೇ ಹೋಗುತ್ತದೆ. ಮಕ್ಕಳನ್ನೂ ಹೆಂಗಸರನ್ನೂ ಮೊದಲು ಬಿಡಿ. ಇನ್ನೊಂದು: ಮೂರೇ ಜನಕ್ಕೆ ಬೇಕಾದದ್ದು, ಉದಾಹರಣೆಗೆ ಆ ಇಳಿಜಾರು, ಬಿಂದಿ ಲೆಕ್ಕದಲ್ಲಿ ಯಾವತ್ತೂ ಸೋಲುತ್ತದೆ. ಅಂಥದ್ದನ್ನು ಎಣಿಕೆಗೆ ಹಾಕಲೇಬಾರದು, ಮೊದಲೇ ನಕ್ಷೆಯಲ್ಲಿ ಸೇರಿಸಿಬಿಡಬೇಕು.

ಕರೆದಿದ್ದು ಕೇಳೋಕಾ, ಹೇಳೋಕಾ?

ಅಮೆರಿಕದ ಶೆರಿ ಆರ್ನ್‌ಸ್ಟೀನ್ 1969ರಲ್ಲಿ ಜನರ ಸಹಭಾಗಿತ್ವವನ್ನು ಎಂಟು ಮೆಟ್ಟಿಲಿನ ಏಣಿಯ ಹಾಗೆ ಬಿಡಿಸಿದರು. ಕೆಳಗಿನ ಮೆಟ್ಟಿಲಲ್ಲಿ ಜನರನ್ನು ತಮಗೆ ಬೇಕಾದ ಹಾಗೆ ಒಪ್ಪಿಸೋದು. ನಡುವೆ ಮಾಹಿತಿ ಕೊಡೋದು, ಅಭಿಪ್ರಾಯ ಕೇಳೋದು. ಮೇಲಕ್ಕೆ ಹೋದಂತೆ ಅಧಿಕಾರ ಹಂಚಿಕೊಳ್ಳೋದು, ಕೊನೆಗೆ ಜನರೇ ನಡೆಸೋದು. ನಮಗೆ ಬಂದ ಚೀಟಿ ಎಷ್ಟನೇ ಮೆಟ್ಟಿಲಿನದು ಅಂತ ತಿಳಿಯಲು ಮೂರು ಪ್ರಶ್ನೆ ಕೇಳಿದರೆ ಸಾಕು. ಹಣ ಎಷ್ಟಿದೆ? ಯಾವುದು ಈಗಾಗಲೇ ತೀರ್ಮಾನ ಆಗಿದೆ, ಯಾವುದು ಇನ್ನೂ ಆಗಿಲ್ಲ? ನಮ್ಮ ನಕ್ಷೆ ಇಲ್ಲಿಂದ ಯಾರ ಮೇಜಿಗೆ ಹೋಗುತ್ತದೆ?

ಟೆಂಡರ್ ಆಗಿಹೋಗಿದ್ದರೆ ಅದನ್ನು ಮಾಹಿತಿ ಸಭೆ ಅಂತಲೇ ಕರೆಯಲಿ, ತಪ್ಪೇನಿಲ್ಲ. ಮುಗಿದ ಮದುವೆಗೆ ಹೆಣ್ಣು ನೋಡೋಕೆ ಕರೆದರೆ ಮಾತ್ರ ಜನಕ್ಕೆ ಕೋಪ ಬರುತ್ತದೆ. ಮುಂದಿನ ಸಲ ನಿಜವಾಗಿ ಕರೆದಾಗಲೂ ಬರೋದಿಲ್ಲ.

ಹಾಳೆ ಸುತ್ತಿಟ್ಟ ಮೇಲೆ

ಬಹಳಷ್ಟು ಕಾರ್ಯಾಗಾರಗಳು ಸೋಲೋದು ಇಲ್ಲೇ. ನಕ್ಷೆಯನ್ನು ಸುತ್ತಿ ಬೀರುವಿನ ಮೇಲಿಡುತ್ತಾರೆ. ಆರು ತಿಂಗಳಾದ ಮೇಲೆ ಬೇರೆ ಯಾವುದೋ ಕೆಲಸ ಶುರುವಾಗುತ್ತದೆ.

ಒಂದು ವಾರದೊಳಗೆ ಎಲ್ಲರಿಗೂ ಕಾಣುವ ಗೋಡೆಯ ಮೇಲೆ ಒಂದು ಹಾಳೆ ಬರಬೇಕು. ಮೂರೇ ಕಾಲಂ: ಜನ ಕೇಳಿದ್ದು, ಸೇರಿಸಿದ್ದು, ಸೇರಿಸದೆ ಇದ್ದದ್ದು ಮತ್ತು ಯಾಕೆ. ಆ ‘ಯಾಕೆ’ ಇದ್ದರೆ ಜನ ಅರ್ಧ ಒಪ್ಪುತ್ತಾರೆ. ಎಂಜಿನಿಯರರು ಎಸ್ಟಿಮೇಟ್ ಹಾಕಿದ ಮೇಲೆ ನಕ್ಷೆಯ ಜೊತೆ ಇನ್ನೊಮ್ಮೆ ಹೋಲಿಸಿ ನೋಡಬೇಕು. ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಇದೆಲ್ಲ ಡಿಸೆಂಬರ್‌ ಒಳಗೆ ಮುಗಿದರೆ ಬಜೆಟ್ಟಿಗೆ ಸೇರಿಸಲು ಹೊತ್ತು ಸಿಗುತ್ತದೆ.

ನಮ್ಮ ಹಾಳೆಯನ್ನು ಪಂಪ್‌ಹೌಸ್ ಗೋಡೆಗೆ ಅಂಟಿಸಿದ್ದೆವು. ಎರಡನೇ ಮಳೆಗೆ ಅದು ಹರಿದುಹೋಯಿತು. ಅಷ್ಟರಲ್ಲಿ ಮೆಡಿಕಲ್ ಸ್ಟೋರಿನ ಹುಡುಗ ಫೋಟೊ ತೆಗೆದು ಗ್ರೂಪಿಗೆ ಹಾಕಿದ್ದ. ಎಸ್ಟಿಮೇಟ್ ಬಂದಾಗ ಪಾರ್ಕ್ ಗೇಟಿನ ಇಳಿಜಾರು ಅದರಲ್ಲಿ ಇರಲಿಲ್ಲ. ಮರೆತೇ ಹೋಗಿತ್ತು. ಯಾರೂ ಕೂಗಾಡಲಿಲ್ಲ. ಟೇಪು ಹಿಡಿದು ಅಳತೆ ತಂದಿದ್ದ ಅದೇ ಹಿರಿಯರು ಮೊಬೈಲಿನಲ್ಲಿ ಫೋಟೊ ದೊಡ್ಡದು ಮಾಡಿ, ಎಂಜಿನಿಯರರ ಮುಂದೆ ಹಿಡಿದು, ‘6 ಅಡಿ ಬರೆದಿದ್ದೇವೆ ನೋಡಿ ಸಾರ್’ ಅಂದರು. ಈಗ ಅದು ಎಸ್ಟಿಮೇಟಿನ 14ನೇ ಸಾಲಿನಲ್ಲಿದೆ.